ಮೆದುಳಿನ ಆಪರೇಷನ್ ಆದವರ ಮನೆ ಆರೈಕೆ: ಎಲ್ಲಿಂದ ಶುರು ಮಾಡಬೇಕು?

ಗಡ್ಡೆ ತೆಗೆಯಲೋ, ಬೈಕ್ ಅಪಘಾತದಲ್ಲಿ ಹೆಪ್ಪುಗಟ್ಟಿದ ರಕ್ತ ತೆಗೆಯಲೋ ತಲೆಯ ಆಪರೇಷನ್ ಆಗಿರುತ್ತದೆ. ಆಮೇಲೆ ಸೋಂಕು, ಫಿಟ್ಸ್, ಮೆದುಳಿನ ಬಾವು, ತಲೆಯಲ್ಲಿ ನೀರು ತುಂಬಿಕೊಳ್ಳುವುದು, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪುವುದು, ಹೀಗೆ ಯಾವುದೋ ತೊಡಕು ಎದುರಾಗಿ ಆಸ್ಪತ್ರೆವಾಸ ತಿಂಗಳುಗಟ್ಟಲೆ ಎಳೆಯುತ್ತದೆ. ಕೊನೆಗೊಂದು ದಿನ ಬೆಂಗಳೂರಿನಿಂದ ಆಂಬುಲೆನ್ಸ್ ಕೋಲಾರ ಜಿಲ್ಲೆಯ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಹೊರಡುತ್ತದೆ. ಅಲ್ಲಿಯವರೆಗೆ ನರ್ಸ್‌ಗಳು ಪಾಳಿಯಲ್ಲಿ ಮಾಡುತ್ತಿದ್ದ ಕೆಲಸವೆಲ್ಲ ಅಂದಿನಿಂದ ಹೆಂಡತಿ, ಮಗ, ಸೊಸೆಯ ಹೆಗಲಿಗೆ. ಈ ಕೆಲಸಗಳಲ್ಲೆಲ್ಲ ದೊಡ್ಡದು, ನಿನ್ನೆ ಇದ್ದ ಹಾಗೆ ಇವತ್ತು ಇದ್ದಾರೆಯೇ ಎಂದು ಗಮನಿಸುವುದು. ಅಪರೂಪಕ್ಕೆ ನೋಡುವ ಡಾಕ್ಟರಿಗೆ ಆ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ, ದಿನವಿಡೀ ಜೊತೆಗಿರುವ ನಿಮಗೆ ಕಾಣುತ್ತದೆ.

ಡಿಸ್ಚಾರ್ಜ್‌ಗೆ ಮೊದಲು

ಬಿಲ್ಲು, ಆಯುಷ್ಮಾನ್ ಕಾರ್ಡು ಎಂದು ಓಡಾಡುವ ಗಡಿಬಿಡಿಯಲ್ಲಿ ಕಲಿಯಬೇಕಾದ್ದು ಉಳಿದುಬಿಡುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ ಎರಡು ದಿನ ಮುಂಚೆ ವಾರ್ಡಿಗೆ ಹೋಗಬೇಕು. ಮೂಗಿನ ಟ್ಯೂಬ್‌ನಲ್ಲಿ ಆಹಾರ ಹಾಕುವುದು, ಮಗ್ಗುಲು ಬದಲಿಸುವುದು, ಮೂತ್ರದ ಪೈಪ್ ಸ್ವಚ್ಛವಾಗಿಡುವುದು, ಗಂಟಲಿಗೆ ಟ್ಯೂಬ್ ಇದ್ದರೆ ಕಫ ತೆಗೆಯುವುದು, ಇದೆಲ್ಲವನ್ನೂ ನೋಡಿದರೆ ಸಾಲದು, ನರ್ಸ್ ಎದುರಿಗೇ ಸ್ವತಃ ಮಾಡಿ ತೋರಿಸಿ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ.

ತಲೆಬುರುಡೆಯ ಮೂಳೆ ವಾಪಸ್ ಕೂರಿಸಿದ್ದಾರೆಯೇ ಎಂದು ಮರೆಯದೆ ಕೇಳಿ. ಬಾವು ಹೆಚ್ಚಿದ್ದಾಗ ಒಂದು ತುಂಡು ಮೂಳೆ ತೆಗೆದು ಹೊಟ್ಟೆಯ ಚರ್ಮದಡಿಯಲ್ಲೋ ಫ್ರೀಜರ್‌ನಲ್ಲೋ ಕಾಪಾಡಿಟ್ಟು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಕೂರಿಸುವುದುಂಟು. ಅಲ್ಲಿಯವರೆಗೆ ಆ ಜಾಗದಲ್ಲಿ ಗಟ್ಟಿ ರಕ್ಷಣೆ ಇರುವುದಿಲ್ಲ. ‘ಬಲಗಡೆ ಮೂಳೆ ಇಲ್ಲ’ ಎಂದು ದೊಡ್ಡಕ್ಷರದಲ್ಲಿ ಬರೆದು ಮಂಚದ ಮೇಲಿನ ಗೋಡೆಗೆ ಅಂಟಿಸಿ. ಆ ಮಗ್ಗುಲಿಗೆ ಮಲಗಿಸಬೇಡಿ, ಬೀಳದಂತೆ ಕಾಯಿರಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಮಾತ್ರೆ ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲ್‌ನಲ್ಲಿರಲಿ.

ಹಾಸಿಗೆ ಮತ್ತು ಊಟ

ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ತಳಭಾಗ, ಸೊಂಟದ ಪಕ್ಕ, ಹಿಮ್ಮಡಿಯ ಚರ್ಮವನ್ನು ದಿನಾ ನೋಡಿ. ಒತ್ತಡ ತೆಗೆದ ಮೇಲೂ ಕೆಂಪು ಅಥವಾ ಕಪ್ಪು ಕಲೆ ಉಳಿದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಏಳಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ನಮ್ಮಲ್ಲಿ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ರೂಢಿ ಬಲವಾಗಿದೆ. ಆದರೆ ಒಂದೇ ಕಾಲು ಊದಿ, ನೋವು ಬಂದಿದ್ದರೆ ತಿಕ್ಕಲೇಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಆಸ್ಪತ್ರೆಗೆ ತೋರಿಸಿ.

ಊಟದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೋಲಾರದ ಮನೆಗಳಲ್ಲಿ ‘ಮುದ್ದೆ ತಿಂದರೇ ಶಕ್ತಿ’ ಎಂಬ ನಂಬಿಕೆ. ರಾಗಿ ಒಳ್ಳೆಯದೇ. ಆದರೆ ಅಗಿಯದೆ ನುಂಗುವ ಮುದ್ದೆ, ನುಂಗುವ ಶಕ್ತಿ ಕುಂದಿದವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ನೀರೂ ಇವರಿಗೆ ಕಷ್ಟವೇ, ಥಟ್ಟನೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಎಷ್ಟು ಗಟ್ಟಿ, ಎಷ್ಟು ತೆಳು ಎಂಬುದನ್ನು ಮಾತು, ನುಂಗುವಿಕೆಯ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಹೇಳುತ್ತಾರೆ. ಅನೇಕರಿಗೆ ಗಂಟಿಲ್ಲದಂತೆ ಕಾಯಿಸಿದ ಮಂದ ರಾಗಿ ಗಂಜಿ ಒಗ್ಗುತ್ತದೆ. ನೇರ ಕೂರಿಸಿ, ಗದ್ದ ತುಸು ಕೆಳಗಿಳಿಸಿ, ಸಣ್ಣ ಚಮಚದಲ್ಲಿ ಕೊಡಿ. ಹಿಂದಿನ ತುತ್ತು ಇಳಿದ ಮೇಲೇ ಇನ್ನೊಂದು. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಕೆಮ್ಮು ಬಂದರೆ, ಊಟದ ನಡುವೆ ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಮೂಗಿನ ಟ್ಯೂಬ್ ಕಳಚಿದರೆ ಮನೆಯಲ್ಲಿ ಮತ್ತೆ ಹಾಕುವ ಸಾಹಸ ಬೇಡ.

ಬಿ.ಪಿ. ಎಂದು ನಿಮ್ಮಷ್ಟಕ್ಕೆ ನೀವೇ ಉಪ್ಪು ಬಿಡಿಸಬೇಡಿ. ತಲೆಯ ಆಪರೇಷನ್ ಆದವರಲ್ಲಿ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದು ಮಂಕು, ಗೊಂದಲ, ಫಿಟ್ಸ್ ಕೂಡ ಬರುವುದುಂಟು.

ಮಾತ್ರೆ, ಫಿಟ್ಸ್

‘ಈಗ ಚೆನ್ನಾಗಿದ್ದಾರೆ’ ಎಂದು ಫಿಟ್ಸ್ ಮಾತ್ರೆಯನ್ನಾಗಲಿ ಸ್ಟೀರಾಯ್ಡನ್ನಾಗಲಿ ಏಕಾಏಕಿ ನಿಲ್ಲಿಸಬಾರದು. ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಹೊರಳಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ, ಯಾವುದೂ ಬೇಡ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಕರೆ ಮಾಡಿ. ಸಾಧ್ಯವಾದರೆ ಆ ದೃಶ್ಯವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಯಾವ ಕೈಯಿಂದ ಶುರುವಾಯಿತು, ಕಣ್ಣು ಎತ್ತ ತಿರುಗಿತು ಎಂಬುದು ಡಾಕ್ಟರಿಗೆ ಬಹಳ ಉಪಯೋಗ.

ಒಂದು ನೋಟ್‌ಬುಕ್

ಮಕ್ಕಳ ಉಳಿದ ನೋಟ್‌ಬುಕ್ ಸಾಕು. ಜ್ವರ, ಎಷ್ಟು ತಿಂದರು, ಮಲಮೂತ್ರ, ನಿದ್ದೆ, ಹೆಸರು ಕೂಗಿದರೆ ಕಣ್ಣು ಬಿಟ್ಟರೇ, ಇಂದು ಯಾವ ಮಾತಾಡಿದರು ಎಂದು ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಒಬ್ಬರು ಹೋದಾಗ ಇನ್ನೊಬ್ಬರು ನೋಡಿಕೊಳ್ಳುವ ಮನೆಗಳಲ್ಲಂತೂ ಇದು ಬೇಕೇ ಬೇಕು, ಇಲ್ಲವಾದರೆ ಮಾತ್ರೆ ಎರಡು ಸಲ ಹೋಗುತ್ತದೆ ಅಥವಾ ಹೋಗುವುದೇ ಇಲ್ಲ.

ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ಎಬ್ಬಿಸಿದರೂ ಏಳದಷ್ಟು ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವಿನ ಜೊತೆ ವಾಂತಿ, ಜ್ವರ ಬಂದು ಕತ್ತು ಬಿಗಿಯುವುದು, ಹೊಸದಾಗಿ ಕೈಕಾಲು ಸೋಲುವುದು, ಮೂಳೆ ತೆಗೆದ ಜಾಗ ಉಬ್ಬಿ ಗಟ್ಟಿಯಾಗುವುದು, ಹೊಲಿಗೆಯಿಂದ ಕೀವು. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳಬೇಡಿ, ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ನೀರು ಇಳಿಸಲು ತಲೆಯಿಂದ ಹೊಟ್ಟೆಗೆ ಶಂಟ್ ಟ್ಯೂಬ್ ಹಾಕಿಸಿಕೊಂಡವರಲ್ಲಿ ನಡಿಗೆ ತೂರಾಡಿ, ಮೂತ್ರ ತಡೆಯಲಾಗದೆ, ಮಂಕು ಹೆಚ್ಚಿದರೆ ಟ್ಯೂಬ್ ಕಟ್ಟಿಕೊಂಡಿರುವ ಸಾಧ್ಯತೆ ಇದೆ.

ಸ್ವಭಾವವೇ ಬದಲಾದಾಗ

ಮನೆಯವರನ್ನು ಹೆಚ್ಚು ನೋಯಿಸುವುದು ಇದೇ. ಜೋರಾಗಿ ಮಾತಾಡದಿದ್ದ ಅಪ್ಪ ಬೈಯುತ್ತಾರೆ, ಊಟವಾಗಿ ಹತ್ತು ನಿಮಿಷಕ್ಕೆ ‘ಅನ್ನ ಹಾಕಲಿಲ್ಲ’ ಎಂದು ಬಂದವರ ಮುಂದೆ ದೂರುತ್ತಾರೆ, ಇಲ್ಲವೇ ದಿನವೆಲ್ಲ ಗೋಡೆ ನೋಡುತ್ತಾ ಕೂರುತ್ತಾರೆ. ‘ಬೇಕಂತಲೇ ಮಾಡ್ತಾರೆ’ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಖಂಡಿತ ಅಲ್ಲ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸಿಟ್ಟನ್ನು ತಡೆಯುವ, ತಾನಾಗಿ ಕೆಲಸ ಶುರುಮಾಡುವ ಶಕ್ತಿಯೇ ಕುಂದುತ್ತದೆ. ಲೆವೆಟಿರಾಸೆಟಾಂ ಎಂಬ ಫಿಟ್ಸ್ ಮಾತ್ರೆಯೂ ಕೆಲವರಲ್ಲಿ ಸಿಡುಕು ತರುತ್ತದೆ, ಡಾಕ್ಟರಿಗೆ ಹೇಳಿದರೆ ಬದಲಿಸುವ ದಾರಿ ಉಂಟು.

ವಾದ ಬೇಡ. ಟಿ.ವಿ. ಆರಿಸಿ, ಒಬ್ಬರೇ ಮಾತಾಡಿ, ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಏನು ಬೇಕು?’ ಎನ್ನುವ ಬದಲು ‘ಹಾಲು ಬೇಕಾ, ಗಂಜಿ ಬೇಕಾ?’ ಎಂದು ಎರಡನ್ನೂ ತೋರಿಸಿ ಕೇಳಿ. ಉತ್ತರಕ್ಕೆ ಅವರಿಗೆ ಸಮಯ ಕೊಡಿ. ಕನ್ನಡ, ತೆಲುಗು ಎರಡೂ ಆಡುವ ಮನೆಗಳು ಈ ಕಡೆ ಬಹಳ. ಎರಡರಲ್ಲಿ ಒಂದು ಮೊದಲು ಮರಳಬಹುದು, ಬಂದ ಭಾಷೆಯಲ್ಲೇ ಮಾತಾಡಿಸಿ. ಅವರ ಎದುರಿಗೇ ‘ಇವರಿಗೆ ಏನೂ ತಿಳಿಯಲ್ಲ’ ಎಂದು ಯಾರೂ ಅನ್ನಬಾರದು. ಮಾತು ಬಾರದವರಿಗೂ ಎಷ್ಟೋ ಸಲ ಕೇಳಿದ್ದು ಅರ್ಥವಾಗುತ್ತಿರುತ್ತದೆ.

ನೋಡಲು ಬರುವ ನೆಂಟರ ಪ್ರೀತಿ ದೊಡ್ಡದು, ಆದರೆ ಗುಂಪು ಗಲಾಟೆ ರೋಗಿಯನ್ನು ಸುಸ್ತು ಮಾಡುತ್ತದೆ. ಒಮ್ಮೆಗೆ ಇಬ್ಬರು, ಹತ್ತು ನಿಮಿಷ. ಹಣ್ಣು ತರುವ ಬದಲು ‘ಭಾನುವಾರ ರಾತ್ರಿ ನಾನು ಎಚ್ಚರ ಇರ್ತೀನಿ, ಅಕ್ಕ, ನೀನು ಮಲಗು’ ಎನ್ನುವವರು ಬೇಕು. ಹಾಗೆ ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ.

ಹತ್ತಿರದಲ್ಲಿ ಸಿಗುವ ನೆರವು

ಪ್ರತಿ ಸಣ್ಣ ತಪಾಸಣೆಗೂ ನಿಮ್ಹಾನ್ಸ್‌ವರೆಗೆ ಹೋಗಬೇಕಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿದಾಗ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಸೇರಿದ್ದವು. ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಮತ್ತು ಫಿಜಿಯೋಥೆರಪಿ ಯಾವ ದಿನ ಎಂದು ವಿಚಾರಿಸಿ. ನೋಡಿಕೊಳ್ಳುವವರಿಗೇ ನಿದ್ದೆ ಕೆಟ್ಟು, ಅಳು ಬಂದು, ಬದುಕು ಸಾಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ತಿಂಗಳುಗಳು ಕಳೆದರೂ ಊನ ಉಳಿದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೂ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬಲು ಅವರೇ ನೆರವಾಗುತ್ತಾರೆ.