ಸಭೆಯ ಪರವಾಗಿ ಪ್ರಾರ್ಥಿಸುವ ಮುನ್ನ

ನಮ್ಮ ಕ್ರೈಸ್ತ ಸಭೆಯ ಭಾನುವಾರದ ಆರಾಧನೆಯಲ್ಲಿ ಮಧ್ಯಸ್ಥಿಕೆಯ ಪ್ರಾರ್ಥನೆ, ಅಂದರೆ ಇತರರಿಗಾಗಿ ದೇವರಲ್ಲಿ ಬೇಡುವ ಪ್ರಾರ್ಥನೆ, ನಡೆಸುವ ಹೊಣೆಯನ್ನು ಸಭಾಪಾಲಕರು ನನಗೆ ವಹಿಸಿದ ಮೇಲೆ, ಆ ಕೆಲಸದ ಹೆಚ್ಚಿನ ಪಾಲು ವಾರದ ಉಳಿದ ದಿನಗಳಲ್ಲೇ ನಡೆಯಬೇಕೆಂಬುದು ಬೇಗನೆ ಮನದಟ್ಟಾಯಿತು. ಸಭೆಯವರ ಮನೆಗಳಲ್ಲಿ ಏನು ನಡೆದಿದೆ ಎಂದು ತಿಳಿಯದೆ ಮಾಡಿದ ಪ್ರಾರ್ಥನೆಯಲ್ಲಿ ಎಷ್ಟೇ ಚೆಂದದ ಮಾತುಗಳಿದ್ದರೂ ಅದು ಸಭೆಯ ಪ್ರಾರ್ಥನೆಯಾಗುವುದಿಲ್ಲ.

ಎಲ್ಲರಿಗಾಗಿಯೂ, ಅರಸರಿಗಾಗಿಯೂ, ಅಧಿಕಾರಿಗಳಿಗಾಗಿಯೂ ವಿಜ್ಞಾಪನೆ ಮಾಡಬೇಕೆಂದು ಬೈಬಲಿನಲ್ಲಿರುವ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯ ಬೋಧಿಸುತ್ತದೆ. ಎರಡನೆಯ ಶತಮಾನದ ನಡುಭಾಗದಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟಿರ್ ಕೊಟ್ಟಿರುವ ವಿವರಣೆಯ ಪ್ರಕಾರ, ಭಾನುವಾರದ ಕೂಟದಲ್ಲಿ ಧರ್ಮಗ್ರಂಥದ ವಾಚನವೂ ಪ್ರಸಂಗವೂ (ಬೋಧನೆಯೂ) ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಿದ್ದರು; ಬಳಿಕ ರೊಟ್ಟಿ ಮತ್ತು ದ್ರಾಕ್ಷಾರಸದ ಪಾಲನ್ನು ಸಭಾಸೇವಕರು ಬರಲಾಗದವರ ಬಳಿಗೆ ಒಯ್ಯುತ್ತಿದ್ದರು; ಕೂಡಿಬಂದ ಕಾಣಿಕೆಯಿಂದ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ನೆರವಾಗುತ್ತಿತ್ತು. ಪ್ರಾರ್ಥನೆಯ ಬೆನ್ನಿಗೇ ರೊಟ್ಟಿ-ದ್ರಾಕ್ಷಾರಸದ ಭೋಜನ, ಭೋಜನದ ಬೆನ್ನಿಗೇ ನೆರವು ಬರುವ ಈ ಕ್ರಮವನ್ನೇ ನನ್ನ ಕೆಲಸಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದೇನೆ. (ರೋಮನ್ ಕಥೋಲಿಕ ಆರಾಧನೆಯಲ್ಲಿ ಬಹುಕಾಲ ಮರೆಯಾಗಿದ್ದ ಇದೇ ಪ್ರಾರ್ಥನೆಯನ್ನು ಮತ್ತೆ ಜಾರಿಗೆ ತರಬೇಕೆಂದು ಆ ಸಭೆಯ ಬಿಷಪರ ಸಮ್ಮೇಳನವಾದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು.)

ವಾರದ ನಡುವೆ ನಾನು ಕಾಯಿಲೆಯಲ್ಲಿರುವವರನ್ನೂ ದುಃಖದಲ್ಲಿರುವವರನ್ನೂ ಭೇಟಿಯಾಗಿ, ಇಲ್ಲವೇ ಫೋನಿನಲ್ಲಿ ಮಾತನಾಡಿಸಿ, ಎರಡು ಸಂಗತಿಗಳನ್ನು ಕೇಳುತ್ತೇನೆ: ಸಭೆಯಲ್ಲಿ ನಿಮ್ಮ ಹೆಸರು ಹೇಳಬಹುದೇ, ಯಾವುದಕ್ಕಾಗಿ ಪ್ರಾರ್ಥಿಸಬೇಕು? ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಎತ್ತುವುದಿಲ್ಲ. ಒಪ್ಪಿದವರ ಕಾಯಿಲೆಯ ವಿವರವನ್ನಂತೂ ಎಂದೂ ಹೇಳುವುದಿಲ್ಲ. ಎರಡನೆಯ ಪ್ರಶ್ನೆಗೆ ಬರುವ ಉತ್ತರವನ್ನು ಮೊದಲೇ ಊಹಿಸಲಾಗದು. ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರು, “ನನಗಾಗಿ ಬಹಳ ಜನ ಪ್ರಾರ್ಥಿಸುತ್ತಿದ್ದಾರೆ, ರಾತ್ರಿಯೆಲ್ಲ ಎದ್ದು ನನ್ನನ್ನು ನೋಡಿಕೊಳ್ಳುವ ಮಗಳಿಗಾಗಿ ಪ್ರಾರ್ಥಿಸಿ” ಎಂದರು. ಆ ಭಾನುವಾರ, ಮಗಳ ಒಪ್ಪಿಗೆ ಪಡೆದು, “ರೋಗಿಗಳ ಪಕ್ಕದಲ್ಲಿ ಎಚ್ಚರವಾಗಿರುವವರಿಗೆ, ವಿಶೇಷವಾಗಿ ನಮ್ಮ ಈ ಸಹೋದರಿಗೆ, ಬಲವನ್ನೂ ವಿಶ್ರಾಂತಿಯನ್ನೂ ಅನುಗ್ರಹಿಸು” ಎಂದು ಆಕೆಯ ಹೆಸರು ಹೇಳಿ ಪ್ರಾರ್ಥಿಸಿದೆ. ಆರಾಧನೆ ಮುಗಿದೊಡನೆ ಇಬ್ಬರು ಮಹಿಳೆಯರು ಆಕೆಯ ಬಳಿ ಹೋಗಿ, ಯಾವ ರಾತ್ರಿ ತಾವು ಬಂದು ಕೂತರೆ ಅನುಕೂಲವೆಂದು ಕೇಳಿದರು. ಆಕೆಗೆ ವಿಶ್ರಾಂತಿ ಕೊಡೆಂದು ದೇವರನ್ನು ಬೇಡಿದ ಸಭೆಯೇ ಅದನ್ನು ಒದಗಿಸಲು ಎದ್ದು ಬಂತು.

ಪ್ರಾರ್ಥನೆಯನ್ನು ಬರೆದುಕೊಂಡೇ ಹೋಗುತ್ತೇನೆ. ಮೊದಲು ಲೋಕದೆಲ್ಲೆಡೆಯ ಸಭೆ, ಆಮೇಲೆ ನಾಡನ್ನು ಆಳುವವರು, ಬಳಿಕ ಕಷ್ಟದಲ್ಲಿರುವವರು, ಕೊನೆಗೆ ಅಗಲಿದವರ ಮನೆಯವರು ಎಂಬ ಕ್ರಮವಿದೆ. ಪ್ರತಿ ಭಾಗದ ಕೊನೆಯಲ್ಲಿ ಸ್ವಲ್ಪ ಹೊತ್ತು ಮೌನವಿದ್ದು, “ಕರ್ತನೇ, ನಮ್ಮ ಪ್ರಾರ್ಥನೆಯನ್ನು ಲಾಲಿಸು” ಎಂದು ಎಲ್ಲರೂ ಕೂಡಿ ಹೇಳುತ್ತಾರೆ. ಆ ಮೌನವನ್ನು ಮೊಟಕುಗೊಳಿಸಬಾರದು. ಹೆಸರು ಹೇಳಲು ಒಪ್ಪದವರ ಬೇಡಿಕೆಗೆ ಅಲ್ಲೇ ಜಾಗ. ಪ್ರಸಂಗದಲ್ಲಿ ಹೇಳದೆ ಉಳಿದದ್ದನ್ನೋ, ಸಭೆಯ ಭಿನ್ನಾಭಿಪ್ರಾಯವನ್ನೋ ಪ್ರಾರ್ಥನೆಯ ರೂಪದಲ್ಲಿ ಸಭಿಕರ ಕಿವಿಗೆ ಹಾಕುವುದು ಅನ್ಯಾಯವೆಂದೇ ನನ್ನ ಭಾವನೆ, ಏಕೆಂದರೆ ಕಣ್ಣು ಮುಚ್ಚಿ ತಲೆಬಾಗಿದವರು ಎದುರುತ್ತರ ಕೊಡಲಾರರು.

ಗುಣವಾದವರ ಹೆಸರನ್ನು ಪಟ್ಟಿಯಿಂದ ಸುಮ್ಮನೆ ತೆಗೆಯದೆ, ಒಂದು ಭಾನುವಾರ ಕೃತಜ್ಞತಾಸ್ತುತಿಯಲ್ಲಿ ಸೇರಿಸುತ್ತೇನೆ. ಬಹುಕಾಲದ ಕಾಯಿಲೆಯವರ ವಿಷಯ ಕಷ್ಟದ್ದು. ಅವರ ಹೆಸರು ವಾರವಾರವೂ ಕೇಳಿ ಕೇಳಿ ಸಭೆಗೆ ರೂಢಿಯಾಗಿಬಿಡುತ್ತದೆ. ಆದ್ದರಿಂದ ಆಗಾಗ ಅವರನ್ನು ಹೊಸದಾಗಿ ಕಂಡು, ಈಗ ಏನು ಬೇಡಬೇಕೆಂದು ಮತ್ತೆ ಕೇಳಿ, ಅದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ.