ಆಯುಧ ಪೂಜೆಯ ಸ್ಟೇಟಸ್

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಸುಮಾರು 180 ಕಾರ್ಮಿಕರು, ಎರಡು ಶಿಫ್ಟ್. ಆಯುಧ ಪೂಜೆ ಅಂದರೆ ನಮ್ಮಲ್ಲಿ ಮೆಷಿನ್‌ಗಳಿಗೆಲ್ಲ ಬಾಳೆ ಕಂದು, ಚೆಂಡು ಹೂವು, ಕುಂಕುಮ. ಬೂದುಗುಂಬಳ ಒಡೆದು ಪುರಿ, ಸ್ವೀಟ್ ಹಂಚುತ್ತೇವೆ. ವರ್ಷವಿಡೀ ಶಾಪ್ ಫ್ಲೋರ್‌ನಲ್ಲಿ ಫೋನ್ ಬೇಡ ಅನ್ನುವ ಸೂಪರ್‌ವೈಸರೇ ಅವತ್ತು ಸೆಲ್ಫಿ ತೆಗೆಯುತ್ತಾರೆ.

2022ರ ಪೂಜೆ ಮುಗಿದು ಮೂರು ದಿನಕ್ಕೆ ಗ್ರಾಹಕ ಕಂಪನಿಯಿಂದ ಫೋನ್ ಬಂತು. ನಮ್ಮ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಆಪರೇಟರ್ ಒಬ್ಬನ ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಅವರ ಹೊಸ ಭಾಗ ಕಾಣಿಸುತ್ತಿದೆಯಂತೆ. ಹಾರ ಹಾಕಿದ ಮೆಷಿನ್, ಹಿನ್ನೆಲೆಯಲ್ಲಿ ಹಾಡು, ಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಮೇಲೆ ಇನ್ನೂ ಮಾರುಕಟ್ಟೆಗೇ ಬಾರದ ಒಂದು ಹೌಸಿಂಗ್, ಅಂದರೆ ಹೊರಕವಚದ ಭಾಗ. ಅದರ ಗುಟ್ಟು ಕಾಪಾಡುತ್ತೇವೆ ಅಂತ ನಾವು ಸಹಿ ಹಾಕಿಕೊಟ್ಟಿದ್ದೆವು.

ಎಂಡಿ ಕರೆದು "ಏನ್ರೀ ಇದು? ಇವತ್ತೇ ಮನೆಗೆ ಕಳಿಸಿ" ಅಂದರು. ನಾನೂ ಗಾಬರಿಯಲ್ಲಿದ್ದೆ. ಅವತ್ತೇ ಸಸ್ಪೆಂಡ್ ಮಾಡಿದೆ. ಪತ್ರದಲ್ಲಿ 'ಸೋಷಿಯಲ್ ಮೀಡಿಯಾ ನೀತಿಯ ಉಲ್ಲಂಘನೆ' ಅಂತ ಬರೆದೆ. ಆ ನೀತಿ 14 ಪುಟದ ಇಂಗ್ಲಿಷ್ ಕಾಗದ. ಎಲ್ಲಿಂದಲೋ ಒಂದು ಮಾದರಿ ತಂದು ಕಂಪನಿ ಹೆಸರು ಬದಲಿಸಿದವನು ನಾನೇ. ಕೆಲಸಕ್ಕೆ ಸೇರುವಾಗ ಪಿಎಫ್ ಫಾರಂ, ಇಎಸ್‌ಐ ಫಾರಂ ಜೊತೆ ಸೇರಿಸಿ ಸಹಿ ತಗೊಳ್ಳುತ್ತಿದ್ದೆವು. ಆ ಹುಡುಗ ಪತ್ರ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ಸರ್, ಮೆಷಿನ್ ಪೂಜೆ ಹಾಕಿದ್ದು ತಪ್ಪಾ?"

ನಮ್ಮ ವಕೀಲರು ನೀತಿಯ ಕಡೆ ಕಣ್ಣೂ ಹಾಯಿಸಲಿಲ್ಲ. "ಸ್ಟ್ಯಾಂಡಿಂಗ್ ಆರ್ಡರ್ಸ್ ತೋರಿಸಿ" ಅಂದರು. ಆಗ ಜಾರಿಯಲ್ಲಿದ್ದ 1946ರ ಕಾಯ್ದೆಯ ಪ್ರಕಾರ ಕಾರ್ಮಿಕ ಇಲಾಖೆ ದೃಢೀಕರಿಸಿದ ಸ್ಥಾಯಿ ಆದೇಶ, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳು ಅವು. ಯಾವುದು ದುರ್ನಡತೆ ಅನ್ನುವ ಪಟ್ಟಿ ಇರುವುದು ಅದರಲ್ಲೇ. ನಮ್ಮದರಲ್ಲಿ ಕಳ್ಳತನ, ಕುಡಿದು ಬರುವುದು, ಡ್ಯೂಟಿಯಲ್ಲಿ ನಿದ್ದೆ, ಜೂಜು ಎಲ್ಲ ಇತ್ತು. ಫೋಟೋ ಸುದ್ದಿಯೇ ಇರಲಿಲ್ಲ. ಕೆಲವು ಕಲಮುಗಳಲ್ಲಿ 'ಕಾರ್ಖಾನೆಯ ಆವರಣದಲ್ಲಿ' ಅನ್ನುವ ಮಾತು ಬೇರೆ. ಹುಡುಗ ವಿಡಿಯೊ ತೆಗೆದದ್ದು ಕಾರ್ಖಾನೆಯಲ್ಲಿ, ಹಾಕಿದ್ದು ರಾತ್ರಿ ದಾಸರಹಳ್ಳಿಯ ಮನೆಯಿಂದ.

ವಕೀಲರು ಗ್ಲಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದ ಬಗ್ಗೆ ಹೇಳಿದರು. 1983ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಸ್ಥಾಯಿ ಆದೇಶದ ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ದುರ್ನಡತೆ ಅಂತ ಕರೆದು ಶಿಕ್ಷಿಸುವ ಹಾಗಿಲ್ಲ. ಕಲಮು 'ಆವರಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ' ಅಂದರೆ ಅದನ್ನು ಊರ ತುಂಬ ಎಳೆಯುವ ಹಾಗೂ ಇಲ್ಲ. ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ವರ್ಷ ಮೊದಲಿನ ತೀರ್ಪು. ಆದರೂ ನನ್ನ ಸಸ್ಪೆನ್ಷನ್ ಪತ್ರದ ತಪ್ಪನ್ನು ಸರಿಯಾಗಿ ಹಿಡಿದು ಹಾಕಿತು.

ಸಸ್ಪೆನ್ಷನ್ ಪುಕ್ಕಟೆ ಅಂದುಕೊಂಡವರಿಗೆ ಒಂದು ಮಾತು. ಸಸ್ಪೆಂಡ್ ಆದವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆಗೆ ಕರ್ನಾಟಕದಲ್ಲಿ 1988ರ ಕಾಯ್ದೆಯೇ ಇದೆ. ಮೊದಲ 90 ದಿನ ಅರ್ಧ ಸಂಬಳ, 180 ದಿನದವರೆಗೆ ಶೇ. 75, ಆಮೇಲೆ ಶೇ. 90. ವಿಚಾರಣೆ ಎಳೆದಷ್ಟೂ ಖರ್ಚು ಜಾಸ್ತಿ.

ವಕೀಲರು ಹೊರಡುವಾಗ, "ಬೇರೆ ಯಾರ‍್ಯಾರು ಹಾಕಿದ್ದಾರೆ ನೋಡಿದ್ರಾ?" ಅಂತ ಕೇಳಿ ಹೋದರು. ನೋಡಿದೆ. ಎಂಡಿಯವರ ಲಿಂಕ್ಡ್‌ಇನ್‌ನಲ್ಲಿ ತಾಯಿಯವರ ಜೊತೆ ಒಂದು ಫೋಟೋ. ಅದೇ ಮೆಷಿನ್, ಅದೇ ಫಿಕ್ಸ್ಚರ್. ಹೌಸಿಂಗ್ ಹುಡುಗನ ರೀಲ್‌ಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆಮೇಲೆ ಫೋನ್ ತಗೊಂಡು ಅವರ ಕೋಣೆಗೆ ಹೋದೆ. ಅವರು ನೋಡಿದರು, ಮಾತಾಡಲಿಲ್ಲ, ಅಲ್ಲೇ ಡಿಲೀಟ್ ಮಾಡಿದರು. ಆರನೇ ದಿನಕ್ಕೆ ಸಸ್ಪೆನ್ಷನ್ ವಾಪಸ್. ಪೂರ್ತಿ ಸಂಬಳ ಕೊಟ್ಟು, ಮುಂದೆ ಹುಷಾರಾಗಿರಿ ಅಂತ ಒಂದು ಪತ್ರ ಕೊಟ್ಟೆವು. ಗ್ರಾಹಕರ ಹತ್ತಿರ ನಾನು, ಎಂಡಿ ಇಬ್ಬರೂ ಹೋಗಿ ತಪ್ಪೊಪ್ಪಿಕೊಂಡು ಬಂದೆವು.

ಇದಾದ ಮೇಲೆ ಆ 14 ಪುಟ ಕಸದ ಬುಟ್ಟಿಗೆ ಹೋಯಿತು. ನಾನು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬಿದ್ದೆ.

ಮೊದಲನೆಯದು, ಶಾಪ್ ಫ್ಲೋರ್‌ನಲ್ಲಿ ಫೋನ್ ಅನ್ನುವುದು ಕೈಬೆರಳು ಉಳಿಸಿಕೊಳ್ಳುವ ವಿಷಯ. ಪ್ರೆಸ್ ಮೆಷಿನ್ ಮುಂದೆ ನಿಂತವನು ಫೇಸ್‌ಬುಕ್ ನೋಡಿದರೂ ಅಷ್ಟೇ, ಹೆಂಡತಿಯ ಜೊತೆ ಮಾತಾಡಿದರೂ ಅಷ್ಟೇ. ಅದಕ್ಕೆ ಲಾಕರ್ ಇಟ್ಟೆವು. "ಮಗುವಿನ ಸ್ಕೂಲಿನಿಂದ ಫೋನ್ ಬಂದ್ರೆ ಏನ್ಮಾಡೋದು ಸರ್?" ಅಂತ ಹೆಣ್ಣುಮಕ್ಕಳು ಕೇಳಿದರು. ನಾನು ಯೋಚಿಸಿಯೇ ಇರಲಿಲ್ಲ. ಸೂಪರ್‌ವೈಸರ್ ಟೇಬಲ್‌ಗೆ ಒಂದು ಲ್ಯಾಂಡ್‌ಲೈನ್ ಹಾಕಿಸಿ ನಂಬರ್ ಎಲ್ಲರ ಮನೆಗೆ ಕೊಟ್ಟೆವು. ಅದಾದ ಮೇಲೆಯೇ ಲಾಕರ್ ತುಂಬತೊಡಗಿದ್ದು.

ಗ್ರಾಹಕರ ಗುಟ್ಟು ಎರಡನೆಯದು. ಪೂಜೆಯ ಹಿಂದಿನ ಸಂಜೆ ಹೊಸ ಭಾಗಗಳನ್ನೆಲ್ಲ ಎತ್ತಿ ಸ್ಟೋರ್‌ಗೆ ಹಾಕಿ ಬೀಗ ಹಾಕುತ್ತೇವೆ. ಕ್ಯಾಂಟೀನ್ ಪಕ್ಕ ಒಂದು ಹಳೇ ಲೇತ್ ಇದೆ. ಅದಕ್ಕೇ ಎಲ್ಲಕ್ಕಿಂತ ಜೋರಾಗಿ ಅಲಂಕಾರ ಮಾಡಿ, ಫೋಟೋ ಇಲ್ಲಿ ತಗೊಳ್ಳಿ ಅಂದೆವು. ಯಾವ ನೋಟಿಸ್‌ಗೂ ಬಗ್ಗದ ಜನ ಆ ಲೇತ್ ಮುಂದೆ ಸಾಲುಗಟ್ಟಿ ನಿಂತರು.

ಮೂರನೆಯದು ಬೈಗುಳ. ಇಲ್ಲೇ ನಾನು ಜಾಸ್ತಿ ಎಡವಿದ್ದು. ಸ್ಥಾಯಿ ಆದೇಶಕ್ಕೆ ತಿದ್ದುಪಡಿ ಕೋರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆಯ ಕಚೇರಿ) ಅರ್ಜಿ ಕೊಟ್ಟೆವು. ಅನುಮತಿಯಿಲ್ಲದೆ ಉತ್ಪಾದನಾ ಜಾಗದ ಚಿತ್ರ ತೆಗೆಯುವುದು, ಎಲ್ಲಿಂದಲೇ ಆಗಲಿ ಅದನ್ನು ಹಂಚುವುದು ದುರ್ನಡತೆ ಅನ್ನುವುದು ಒಂದು ಕಲಮು. ಅದಕ್ಕೆ ಯೂನಿಯನ್ ತಕರಾರು ಮಾಡಲಿಲ್ಲ. 'ಕಂಪನಿಯ ಹೆಸರಿಗೆ ಧಕ್ಕೆ ತರುವ ಯಾವುದೇ ಪೋಸ್ಟ್' ಅಂತ ಇನ್ನೊಂದು ಸೇರಿಸಿದ್ದೆ. ಯೂನಿಯನ್ ಕಾರ್ಯದರ್ಶಿ ಅದರ ಮೇಲೆ ಬೆರಳಿಟ್ಟು, "ಬೋನಸ್ ಸಾಲದು ಅಂದ್ರೂ ಧಕ್ಕೆನಾ ಸರ್?" ಅಂದರು. ವಾದ ಮಾಡಿದೆ, ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ. ಆ ಕಲಮು ಬಿಟ್ಟೆವು.

ಬಿಟ್ಟಿದ್ದು ಒಳ್ಳೇದಾಯಿತು. ಮುಂದಿನ ವರ್ಷ ಬೋನಸ್ ಕನಿಷ್ಠ ಮಟ್ಟದ ಶೇ. 8.33ಕ್ಕೇ ನಿಂತಿತು. ಕಾರ್ಮಿಕರ ವಾಟ್ಸಾಪ್ ಗ್ರೂಪಿನಲ್ಲಿ ಎಂಡಿಯ ಮೇಲೆ ಒಂದು ಮೀಮ್ ಓಡಾಡಿತು. ಯಾರೋ ಸ್ಕ್ರೀನ್‌ಶಾಟ್ ತೆಗೆದು ಅವರಿಗೇ ಕಳಿಸಿದರು. ಅದೇ 2023ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಗ್ರಾಮೀಣ ಬ್ಯಾಂಕ್ ನೌಕರನೊಬ್ಬನ ಮೇಲಿನ ಚಾರ್ಜ್ ಮೆಮೊ (ಆರೋಪ ಪತ್ರ) ರದ್ದು ಮಾಡಿತ್ತು. ಅವನೂ ಖಾಸಗಿ ವಾಟ್ಸಾಪ್ ಗ್ರೂಪಿನಲ್ಲಿ ಮೇಲಿನವರನ್ನು ಆಡಿಕೊಂಡಿದ್ದ. ನೌಕರನಿಗೆ ಅಸಮಾಧಾನ ಹೊರಹಾಕುವ ಹಕ್ಕಿದೆ ಅನ್ನುವುದು ಕೋರ್ಟಿನ ಮಾತು. ಆ ತೀರ್ಪು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಎಂಡಿಗೆ ತೋರಿಸಲು ಮಾತ್ರ ಅಷ್ಟು ಸಾಕಾಯಿತು. "ಬೈದುಕೊಳ್ಳಲಿ ಬಿಡ್ರೀ" ಅಂದರು. ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರು ಅನ್ನುವುದು ಬೇರೆ ಮಾತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕಾರ್ಮಿಕರ ಗ್ರೂಪಿಗೆ ನಾನು ಸೇರುವುದಿಲ್ಲ, ನನ್ನ ಕಡೆಯವರನ್ನೂ ಸೇರಿಸುವುದಿಲ್ಲ. ಯಾರ ಫೋನನ್ನೂ ಕಿತ್ತುಕೊಂಡು ಗ್ಯಾಲರಿ ನೋಡುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಿನಲ್ಲಿ. ಅದು ಮುಖ್ಯವಾಗಿ ಸರ್ಕಾರದ ವಿರುದ್ಧದ ಹಕ್ಕು ಅಂತ ವಕೀಲರು ತಿದ್ದುತ್ತಾರೆ. ಆದರೂ ನನಗೆ ಆ ಗೆರೆ ದಾಟಲು ಮನಸ್ಸಿಲ್ಲ.

ಸಹೋದ್ಯೋಗಿ ಹೆಣ್ಣುಮಗಳ ವಿಡಿಯೊ ಕೇಳದೆ ತೆಗೆದು ಕೆಟ್ಟ ಮಾತು ಸೇರಿಸಿ ಹಂಚಿದರೆ ಮಾತ್ರ ಈ ಸಡಿಲ ಇಲ್ಲ. ಅದನ್ನು ಸೋಷಿಯಲ್ ಮೀಡಿಯಾ ವಿಷಯ ಅಂತ ನಾನು ಕರೆಯುವುದೇ ಇಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ನೇರ ಆಂತರಿಕ ಸಮಿತಿಗೆ. ದೂರು ಕೊಡಲು ಮೂರು ತಿಂಗಳು, ವಿಚಾರಣೆ ಮುಗಿಸಲು 90 ದಿನ. ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಮೂಲ ಮೆಸೇಜ್ ಯಾರ ಫೋನಿನಲ್ಲಿದೆಯೋ ಅವರ ಹೇಳಿಕೆ ತಗೊಳ್ಳಿ, ತಾರೀಕು ಸಮಯ ಬರೆದಿಡಿ.

2025ರ ನವೆಂಬರ್ 21ರಿಂದ 1946ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿ ಸ್ಥಾಯಿ ಆದೇಶ ಕಡ್ಡಾಯ ಇರುವುದು 300 ಜನ ಇದ್ದ ಕಡೆ. "ನಮಗೆ ಇನ್ನು ಬೇಕಾ?" ಅಂತ ಎಂಡಿ ಕೇಳಿದರು. ಬೇಕು ಅಂದೆ. ಸ್ಥಾಯಿ ಆದೇಶ ಬರೆದ ಗೇಟಿನ ಪಕ್ಕದ ಕನ್ನಡ ಬೋರ್ಡ್ ತೆಗೆದಿಲ್ಲ. ಪ್ಯಾಕಿಂಗ್‌ನಲ್ಲಿರುವ ಒಡಿಶಾ, ಬಿಹಾರದ ಕಾಂಟ್ರಾಕ್ಟ್ ಹುಡುಗರಿಗೆ ಅದು ಓದಲು ಬರುವುದಿಲ್ಲ. ಹಿಂದಿ ಬೋರ್ಡ್ ಬರೆಸುತ್ತೇನೆ ಅಂತ ಎರಡು ಪೂಜೆಯಿಂದ ಹೇಳುತ್ತಿದ್ದೇನೆ, ಇನ್ನೂ ಆಗಿಲ್ಲ. ಸದ್ಯಕ್ಕೆ ಅವರನ್ನು ಲೇತ್ ಹತ್ತಿರ ಕರೆದುಕೊಂಡು ಹೋಗಿ ಫೋಟೋ ಇಲ್ಲಿ ಮಾತ್ರ ಅಂತ ತನ್ನ ಹರಕು ಹಿಂದಿಯಲ್ಲಿ ಹೇಳುವವನು ಅದೇ ರೀಲ್ ಹುಡುಗ.