ಮನೆಯಲ್ಲಿ ಬೈಪ್ಯಾಪ್: ಆರೈಕೆ ಮಾಡುವವರು ತಿಳಿದಿರಬೇಕಾದದ್ದು

ಬೀಡಿ-ಸಿಗರೇಟಿನಿಂದಲೋ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕುಳಿತು ಕುಡಿದ ಹೊಗೆಯಿಂದಲೋ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಲಿತವರಲ್ಲಿ ಕೆಲವರನ್ನು ಆಸ್ಪತ್ರೆಯಿಂದ ಬೈಪ್ಯಾಪ್ ಯಂತ್ರದೊಡನೆ ಮನೆಗೆ ಕಳುಹಿಸುತ್ತಾರೆ. ಉಸಿರು ಎಳೆದುಕೊಳ್ಳುವಾಗ ಹೆಚ್ಚು ಒತ್ತಡದಲ್ಲಿ, ಬಿಡುವಾಗ ಕಡಿಮೆ ಒತ್ತಡದಲ್ಲಿ ಮಾಸ್ಕಿನ ಮೂಲಕ ಗಾಳಿ ನೂಕುವ ಈ ಯಂತ್ರದ ಮುಖ್ಯ ಕೆಲಸವೆಂದರೆ, ದಣಿದ ಸ್ನಾಯುಗಳಿಗೆ ಆಸರೆಯಾಗಿ, ರಕ್ತದಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಹೋಗುವಂತೆ ಮಾಡುವುದು. ಆಮ್ಲಜನಕ ಒದಗಿಸುವುದು ಕಾನ್ಸಂಟ್ರೇಟರ್ ಎಂಬ, ಕೋಣೆಯ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಇನ್ನೊಂದು ಯಂತ್ರದ ಕೆಲಸ. ಎರಡೂ ಒಂದೇ ಎಂದುಕೊಂಡಾಗ ದೊಡ್ಡ ತಪ್ಪುಗಳಾಗುತ್ತವೆ.

ಆ ತಪ್ಪುಗಳಲ್ಲಿ ಮೊದಲನೆಯದು, ರೋಗಿ ಏದುಸಿರು ಬಿಡುವುದನ್ನು ಕಂಡು ಆಮ್ಲಜನಕವನ್ನು ತಾವಾಗಿಯೇ ಹೆಚ್ಚಿಸುವುದು. ಕೋವಿಡ್ ಕಾಲದಲ್ಲಿ ಆಕ್ಸಿಮೀಟರಿನ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾವಾರು ಅಳೆಯುವ ಸಾಧನ) ಅಂಕಿ 94ಕ್ಕಿಂತ ಕೆಳಗಿಳಿದರೆ ಎಚ್ಚರವೆಂದು ನಾವೆಲ್ಲ ಕಲಿತೆವು. ಆ ಪಾಠ ಇಲ್ಲಿ ಹೊಂದುವುದಿಲ್ಲ. ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವ ಸಿಒಪಿಡಿ ರೋಗಿಗಳಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ನಡುವಿನ ಗುರಿಯನ್ನು ಹೇಳುತ್ತಾರೆ. ಅದನ್ನು 98ಕ್ಕೆ ಏರಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಆಕ್ಸಿಮೀಟರ್ ಇದನ್ನು ತೋರಿಸುವುದೇ ಇಲ್ಲ. ಆದ್ದರಿಂದ ಅಂಕಿಯ ಜೊತೆಗೆ ಮುಖವನ್ನೂ ನೋಡಬೇಕು: ಬೆಳಗ್ಗೆ ಎದ್ದಾಗ ತಲೆನೋವು, ಹಗಲಿನಲ್ಲಿ ಎಂದಿಲ್ಲದ ತೂಕಡಿಕೆ, ಮಾತಿನಲ್ಲಿ ತಡವರಿಕೆ, ಕೈ ನಡುಕ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕವೆಂದು ವೈದ್ಯರು ಬರೆದುಕೊಟ್ಟ ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು ಕಾನ್ಸಂಟ್ರೇಟರಿನ ಮೇಲೆಯೇ ಅಂಟಿಸಿದರೆ, ನೋಡಲು ಬಂದ ನೆಂಟರು ಅಕ್ಕರೆಯಿಂದ ಗುಂಡಿ ತಿರುಗಿಸುವುದೂ ತಪ್ಪುತ್ತದೆ.

ಮಾಸ್ಕ್ ಸೋರುತ್ತದೆಂದು ಪಟ್ಟಿಯನ್ನು ಬಿಗಿದಷ್ಟೂ ಮೂಗಿನ ಮೇಲಿನ ಚರ್ಮ ಕೆಂಪಾಗಿ, ಕೊನೆಗೆ ಹುಣ್ಣಾಗುತ್ತದೆ. ಸ್ವಲ್ಪ ಸೋರಿಕೆಯನ್ನು ಯಂತ್ರವೇ ಸರಿದೂಗಿಸಿಕೊಳ್ಳುತ್ತದೆ. ಗಾಳಿ ಕಣ್ಣಿಗೆ ಹೊಡೆಯುತ್ತಿದ್ದರೆ ಮಾತ್ರ ಬಿಡದೆ ಸರಿಪಡಿಸಬೇಕು. ಬಿಟ್ಟ ಉಸಿರು ಹೊರಹೋಗಲು ಮಾಸ್ಕಿನಲ್ಲಿ ಅಥವಾ ಕೊಳವೆಯ ತುದಿಯಲ್ಲಿ ಇರುವ ಸಣ್ಣ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಊಟ, ಕಾಫಿ, ಮಾತ್ರೆ ಎಲ್ಲವೂ ಮಾಸ್ಕ್ ತೆಗೆದ ಮೇಲೆಯೇ ಆಗಬೇಕು. ಊಟವಾದ ಕೂಡಲೇ ಮತ್ತೆ ಹಾಕುವುದೂ ಬೇಡ. ವಾಂತಿ ಬಂದರೆ ತಕ್ಷಣ ತೆಗೆಯಬೇಕಾದ್ದರಿಂದ, ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕನ್ನು ತಾನಾಗಿ ತೆಗೆಯಲಾಗದವರನ್ನು ಒಂಟಿಯಾಗಿ ಬಿಡಬಾರದು.

ಮಾಸ್ಕನ್ನು ದಿನವೂ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಸಾಕು. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರಿನ ಹಳೆಯ ನೀರನ್ನು ಪ್ರತಿದಿನ ಚೆಲ್ಲಿ ಹೊಸದಾಗಿ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಕೊಳವೆಯಲ್ಲಿ ಕಟ್ಟಿದ ನೀರು ಮುಖಕ್ಕೆ ಹರಿಯದಂತೆ ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಬೇಕು. ಧೂಳಿನ ಊರಾದರೆ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ನೋಡಬೇಕು.

ನಮ್ಮ ಊರುಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಕರೆಂಟಿನ ಬಗ್ಗೆ. ಬೈಪ್ಯಾಪ್ ಎಳೆಯುವ ವಿದ್ಯುತ್ ಕಡಿಮೆ; ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರ್ ಮಾತ್ರ ಸುಮಾರು 300ರಿಂದ 400 ವಾಟ್ ಎಳೆಯುತ್ತದೆ. ಮನೆಯ ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆಂಬುದನ್ನು ಅಂಗಡಿಯವರ ಮಾತಿನಿಂದ ತಿಳಿಯುವುದಕ್ಕಿಂತ, ರೋಗಿಗೆ ಯಂತ್ರ ಬೇಡದ ಹೊತ್ತಿನಲ್ಲಿ ಮೇನ್ ಆರಿಸಿ, ಎರಡೂ ಯಂತ್ರಗಳನ್ನು ಓಡಿಸಿ ನೋಡುವುದು ಒಳ್ಳೆಯದು. ಇದರ ಜೊತೆಗೆ ಆಮ್ಲಜನಕದ ಒಂದು ಬಿ ಟೈಪ್ ಸಿಲಿಂಡರ್ ಇರಲಿ: ಅದರಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿದ್ದು, ನಿಮಿಷಕ್ಕೆ 2 ಲೀಟರಿನಂತೆ ಹೆಚ್ಚುಕಡಿಮೆ 12 ಗಂಟೆ ಬರುತ್ತದೆ. ಬೈಪ್ಯಾಪ್ ನಿಂತುಹೋದರೆ ಮೊದಲು ಮಾಸ್ಕ್ ತೆಗೆಯಬೇಕು, ಏಕೆಂದರೆ ಗಾಳಿ ಬಾರದ ಮಾಸ್ಕಿನೊಳಗೆ ರೋಗಿ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾನೆ.

ಆಮ್ಲಜನಕವಿರುವ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿ ಯಾವುದೂ ಇರಬಾರದು. ಹಬ್ಬದ ದಿನವೂ ಇದಕ್ಕೆ ವಿನಾಯಿತಿಯಿಲ್ಲ. ಮಂಗಳಾರತಿಯನ್ನು ದೇವರ ಕೋಣೆಯಲ್ಲಿಯೇ ಮುಗಿಸಿ, ಪ್ರಸಾದವನ್ನಷ್ಟೇ ತರಬಹುದು.

ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ 108ಕ್ಕೆ ಕರೆ ಮಾಡಬೇಕು. ಹೊರಡುವಾಗ ರೋಗಿಯ ಜೊತೆಗೆ ಬೈಪ್ಯಾಪ್ ಯಂತ್ರ, ಅದೇ ಮಾಸ್ಕ್, ಒತ್ತಡದ ಅಳತೆಗಳನ್ನು ಬರೆದ ಚೀಟಿ ಇವಿಷ್ಟನ್ನೂ ಒಯ್ಯಬೇಕು.